ತಂತಿ ನಂದು, ದನಿ ನಿಮ್ದು

ನಮ್ಮ ಕೊಪ್ಪಳದ ಮನೆಗೆ ರೇಡಿಯೊ ಕೊಂಡಾಗ, ಮಾಳಿಗೆಯ ಮೇಲೆ ಏರಿಯಲ್ ತಂತಿ ಕಟ್ಟಲು ಪಕ್ಕದ ಭಾಗ್ಯನಗರದಿಂದ ತಂತಿ ಕೆಲಸದವನೊಬ್ಬ ಬಂದ. ತಂತಿಯ ತುದಿಗೆ ಹಾಕುವ ಪಿಂಗಾಣಿ ಬಿಲ್ಲೆಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟುತ್ತಿದ್ದ. ಸದ್ದು ಒಡಕೆನಿಸಿದ್ದನ್ನು ಬದಿಗಿಡುತ್ತಿದ್ದ.

ನಾನು ತರಿಸಿಟ್ಟ ಎತ್ತರದ ಬಿದಿರುಗಳನ್ನು ನೋಡಿ ನಕ್ಕ.

“ಸಾವಕಾರ್ರ, ಊರಿಗೆಲ್ಲ ಕಾಣೂ ಹಂಗ ನಿಶಾನಿ ಏರಸ್ತೀರೇನು? ದನಿ ಸಣ್ಣ ಆದ್ರೂ ಆಗ್ಲಿ, ತಗ್ಗಿನಾಗ ಕಟ್ತೀನಿ. ಮನಿ ಅಕ್ಕಾರು ಅದರ ಮ್ಯಾಲ ಒಗದ ಅರಿವಿ ಹರವಲಿ.”

ಅದು ನಿಜಾಮನ ಆಳ್ವಿಕೆಯ ಕೊನೆಯ ಕಾಲ. ಗಡಿಯಾಚೆಯ ಸುದ್ದಿ ಕೇಳುವವರನ್ನು ಹಿಡಿದೊಯ್ಯುತ್ತಾರೆಂಬ ಹೆದರಿಕೆಯಿತ್ತು. ಕೆಲಸ ಮುಗಿದಾಗಲೆಲ್ಲ ಅವನು ಹೇಳುತ್ತಿದ್ದುದು ಒಂದೇ ಮಾತು: “ತಂತಿ ನಂದು, ದನಿ ನಿಮ್ದು.” ತಂತಿ ಹರಿದರೆ ತಾನು ಬರುತ್ತೇನೆ, ಕೇಳಿದ್ದಕ್ಕೆ ನೀವೇ ಹೊಣೆ ಎಂದರ್ಥ.

ಒಂದು ಮಧ್ಯಾಹ್ನ ಅವನು ಸಡಿಲಾದ ತಂತಿಯನ್ನು ಬಿಗಿಯುತ್ತಿದ್ದಾಗಲೇ ಇಬ್ಬರು ಪೊಲೀಸರು ಮಾಳಿಗೆ ಹತ್ತಿದರು. ರೇಡಿಯೊ ಕೆಳಗೆ ಜೋಳದ ಚೀಲಗಳ ಹಿಂದಿತ್ತು.

“ಏನಿದು?”

“ಅರಿವಿ ಒಣಗ್ಸೂ ತಂತಿ ಐತ್ರಿ, ಸಾಹೇಬ್ರ.”

“ಅರಿವಿಗೆ ಪಿಂಗಾಣಿ ಯಾಕ?”

“ಇರಿವಿ ಹತ್ತಬಾರ್ದಂತ್ರಿ.”

ಒಬ್ಬ ನಕ್ಕುಬಿಟ್ಟ. ಇನ್ನೊಬ್ಬ ನಗಲಿಲ್ಲ. “ಯಾರ್ದು ಈ ತಂತಿ?” ಎಂದು ನನ್ನ ಕಡೆ ತಿರುಗಿದ. ನಾನು ಅರಿವೆಯ ಕ್ಲಿಪ್ಪೊಂದನ್ನು ಹಿಡಿದು ನಿಂತೇ ಇದ್ದೆ.

“ತಂತಿ ನಂದು,” ಎಂದ ಅವನು.

ಅವನನ್ನು ಕರೆದೊಯ್ದರು. ಮೆಟ್ಟಿಲಿಳಿಯುವ ಮುಂಚೆ ಅವನು ಒಮ್ಮೆ ನನ್ನನ್ನು ನೋಡಿದ. ಉಳಿದರ್ಧ ಮಾತನ್ನು ಹೇಳಲಿಲ್ಲ.