ನೆತ್ತಿಯ ಚುಕ್ಕೆ, ಹೊಟ್ಟೆಯ ಬಿಳಿ

ಕರಿ ಕೋಳಿಪಿಳ್ಳೆಗಳು ಮೂರಿದ್ದವು ಎನ್ನುವುದೇ ನಾನು ಆಮೇಲೆ ಸೇರಿಸಿಕೊಂಡದ್ದೋ ಏನೋ. ಮೂರನೆಯದನ್ನು ಹದ್ದು ಎತ್ತಿಕೊಂಡು ಹೋಯಿತು ಎಂದು ಹೇಳುತ್ತ ಬಂದಿದ್ದೇನೆ. ಆದರೆ ಆ ಹದ್ದು ನನ್ನ ಕಣ್ಣಿಗೆ ಕಟ್ಟುವುದಿಲ್ಲ. ಹೇಳಿದ ಮಾತು ಮಾತ್ರ ನೆನಪಿದೆ. ಹೆಂಡತಿ ಎರಡೇ ಅನ್ನುತ್ತಾಳೆ. ಎರಡೇ ಇರಲಿ. ಅವು ಹೇಗಿದ್ದವು ಎನ್ನುವುದರಲ್ಲಿ ನಮಗೆ ಜಗಳವಿಲ್ಲ. ಒಂದರ ಹೊಟ್ಟೆ ಬೆಳ್ಳಗಿತ್ತು. ಇನ್ನೊಂದು ಮೈಯೆಲ್ಲ ಕಪ್ಪು, ನೆತ್ತಿಯ ಮೇಲೆ ಮಾತ್ರ ರಾಗಿಕಾಳಿನಷ್ಟು ಬಿಳಿ ಚುಕ್ಕೆ.

ನಾವು ಕೊಳ್ಳೇಗಾಲದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವವರು. ಮದುವೆಯಾದ ಮೇಲೆ ನಮಗೆ ಎರಡು ಕೂಸು ಹುಟ್ಟಿ ಎರಡೂ ಉಳಿಯಲಿಲ್ಲ. ಮೊದಲನೆಯದು ಉಸಿರಾಡಲೇ ಇಲ್ಲ. ಎರಡನೆಯದು ಹನ್ನೊಂದು ದಿನ ಇತ್ತು. ಆ ಹನ್ನೊಂದು ದಿನಗಳಲ್ಲಿ ಯಾವಾಗಲೋ ನನ್ನ ಅವ್ವ, ಹನೂರಿನಾಚೆ ಅಜ್ಜೀಪುರದ ದಾರಿಯಲ್ಲಿರುವ ತನ್ನ ತವರಿನ ಮಾರಮ್ಮನಿಗೆ ಕರಿ ಹುಂಜದ ಹರಕೆ ಹೊತ್ತಿದ್ದಳು. ಕೂಸೇ ಹೋದ ಮೇಲೆ ಹರಕೆಯ ಮಾತು ಯಾರೂ ಎತ್ತಲಿಲ್ಲ. ಹೆಂಡತಿ ಮೂರನೆಯ ಸಲ ಬಸುರಾದಾಗ ಅವ್ವ ಎತ್ತಿದಳು.

“ಬಾಯ್ಬುಟ್ಟು ಏಳ್ಕಂಡಿದ್ದ ತೀರಿಸ್ದೆ ಬುಟ್ವಲ್ಲಾ. ಈ ಕೂಸು ಭೂಮಿಗ್ ಬೀಳಾಕ್ ಮೊದ್ಲೇ ಒಪ್ಪಿಸ್ಬುಡ್ಬೇಕು ಕಣ್ಲಾ.”

ಸಂತೆಯಿಂದ ತಂದ ಹುಂಜ ಆಗುವುದಿಲ್ಲ. ನಮ್ಮ ಮನೆಯ ಹ್ಯಾಟೆ ಕೋಳಿಯೇ ಕಾವು ಕೂತು ಮಾಡಿದ ಮರಿಯಾಗಬೇಕು, ಒಪ್ಪಿಸುವ ದಿನದ ತನಕ ನಮ್ಮ ಮನೆಯ ಕಾಳನ್ನೇ ತಿಂದಿರಬೇಕು, ಕೂಗು ಕಲಿತಿರಬೇಕು. ಮೈಮೇಲೆ ಬೇರೆ ಬಣ್ಣದ ಒಂದು ಪುಕ್ಕವೂ ಇರಬಾರದು. ನಾನು ಇಂಥದನ್ನೆಲ್ಲ ನಂಬುತ್ತಿರಲಿಲ್ಲ ಎಂದು ಈಗ ಬರೆಯುವುದು ಸುಲಭ. ಆಗ ರಾಟೆಯ ಮುಂದೆ ಹೆಂಡತಿ ಕೈ ನಿಲ್ಲಿಸಿ, ಒಳಗೆ ಏನಾದರೂ ಅಲುಗಿತೇ ಎಂದು ಕಾಯುತ್ತ ಕೂರುತ್ತಿದ್ದಳು. ಅವಳ ಮುಖ ನೋಡಿದವನು ಏನನ್ನು ಬೇಕಾದರೂ ನಂಬುತ್ತಿದ್ದ.

ಮನೆಯಲ್ಲಿ ಎರಡು ಕರಿ ಹ್ಯಾಟೆಗಳಿದ್ದವು. ಹುಂಜ ಇರಲಿಲ್ಲ, ಕೋಳಿಗೆ ಬರುವ ಕೊಕ್ಕರೆ ರೋಗ ಬಂದು ನಮ್ಮ ಬೀದಿಯ ಹುಂಜಗಳೆಲ್ಲ ಸತ್ತಿದ್ದವು. ಆಗ ಯಳಂದೂರಿನಿಂದ ಬಂದ ಹೆಂಡತಿಯ ಅಪ್ಪ ಮಂಕರಿ ಬುಟ್ಟಿಯಲ್ಲಿ ಒಂದು ಬಿಳಿ ಹುಂಜ ತಂದರು. ಸೀಮೆ ತಳಿ ಬೆರೆತದ್ದು, ಕೆಂಪು ಜುಟ್ಟು ಒಂದು ಪಕ್ಕಕ್ಕೆ ಬಾಗಿತ್ತು. ಪಕ್ಕದ ಮನೆಯ ಅಜ್ಜಿ ಜಗಲಿಯಿಂದಲೇ ನಕ್ಕಳು.

“ಕೊಕ್ಕರೆ ತಂದ್ಬುಟ್ಟು ಕಾಗೆ ಮರಿ ಕೇಳ್ತಾವ್ರಲ್ಲಪ್ಪ.”

ನನಗೆ ಅಳುಕಿರಲಿಲ್ಲ. ಬಿಳಿ ನೂಲನ್ನು ಕರಿ ಬಣ್ಣದ ಬಾನಿಗೆ ಅದ್ದಿದರೆ ಕಪ್ಪಾಗುತ್ತದೆ. ಕಪ್ಪಾದ ನೂಲನ್ನು ಯಾವ ಬಾನಿಗೆ ಅದ್ದಿದರೂ ಬಿಳಿಯಾಗುವುದಿಲ್ಲ. ಹ್ಯಾಟೆ ಕಪ್ಪಿದ್ದರೆ ಸಾಕು, ಹುಂಜದ ಬಿಳಿ ಅದರ ಮೇಲೆ ನಿಲ್ಲುವುದಿಲ್ಲ ಎಂದು ಅವ್ವನಿಗೂ ಹೆಂಡತಿಗೂ ಹೇಳಿದೆ. ಬಣ್ಣದ ವಿಷಯದಲ್ಲಿ ಮನೆಯಲ್ಲಿ ನನ್ನ ಮಾತಿಗೆ ಎದುರಿರಲಿಲ್ಲ.

ಒಂಬತ್ತು ಮೊಟ್ಟೆ ಒಡೆದವು. ಏಳು ಮರಿ ಅರಿಸಿನ ಬಣ್ಣದವು. ಅವು ದೊಡ್ಡವಾಗಿ ಬಿಳಿಯಾದವು, ಅಲ್ಲಲ್ಲಿ ಮಸಿ ಸಿಡಿದಂಥ ಚುಕ್ಕೆ. ಕಪ್ಪಿನ ಮೇಲೆ ಬಿಳಿ ಹತ್ತಿತ್ತು. ಕಪ್ಪಾಗಿ ಬಂದವು ಆ ಎರಡೇ. ಅವ್ವ ಎರಡನ್ನೂ ಕಾಲು ಹಿಡಿದು ತಲೆಕೆಳಗು ಮಾಡಿ, ಕತ್ತು ಎತ್ತಿದ್ದು ನೋಡಿ, ಎರಡೂ ಹುಂಜವೇ ಅಂದಳು.

ಇಲ್ಲೊಂದು ಕಟ್ಟಳೆ ಇತ್ತು. ದೇವರಿಗೆ ಮೀಸಲು ಬಿಡುವ ಮರಿ ಒಂದೇ ಇರಬೇಕು.

“ಎಲ್ಡ್ ಕರೀವ್ ಇಟ್ಕಂಡು ಒಂದ್ ಕೊಟ್ರೆ ಮಾರವ್ವನ್ಗೆ ಬಚ್ಚಿಟ್ಟಂಗೆ,” ಅಂದಳು ಅವ್ವ. ಒಂಬತ್ತನೆಯ ದಿನ ಒಂದರ ಕಾಲಿಗೆ ಅರಿಸಿನದ ದಾರ ಕಟ್ಟಿ, ಇನ್ನೊಂದನ್ನು ಹೊಸಿಲು ದಾಟಿಸಿ ಬೇರೆಯವರಿಗೆ ಕೊಡಬೇಕು.

ಯಾವುದನ್ನು ಇಟ್ಟುಕೊಳ್ಳುವುದು? ಅವ್ವನ ಕಣ್ಣಿಗೆ ಪೊರೆ ಬಂದಿತ್ತು. ಆರಿಸುವುದು ನಮ್ಮಿಬ್ಬರ ಪಾಲಿಗೆ ಬಂತು. ಹೆಂಡತಿ ಬಿಳಿ ಹೊಟ್ಟೆಯದನ್ನು ಅಂಗೈಯಲ್ಲಿ ಮಗುಚಿ, “ಇಷ್ಟಗಲ ಬಿಳಿ ಎಲ್ಗೋದದು? ಆ ಚುಕ್ಕೆಯಾದ್ರೆ ಉದ್ರೋಯ್ತದೆ” ಅಂದಳು. ಹಾಗೆಂದು ನನ್ನ ನೆನಪು. ಆ ಮಾತು ನಾನು ಆಡಿದ್ದು ಎಂದು ಅವಳು ಹೇಳುತ್ತಾಳೆ. ನಲವತ್ತು ಸಲ ಆ ಅಂಗೈಯನ್ನು ನೆನೆದಿದ್ದೇನೆ. ಒಮ್ಮೊಮ್ಮೆ ಅದರ ಉಗುರಿನಲ್ಲಿ ಬಣ್ಣ ಕಾಣುತ್ತದೆ, ಅಂದರೆ ಅದು ನನ್ನದೇ ಕೈ. ಬಿಳಿ ಹೊಟ್ಟೆಯದು ಪಕ್ಕದ ಮನೆಯ ಅಜ್ಜಿಯ ಮಡಿಲಿಗೆ ಹೋಯಿತು.

ತಿಂಗಳು ತುಂಬುವುದರೊಳಗೆ ನಮ್ಮ ಮರಿಯ ರೆಕ್ಕೆಯಲ್ಲಿ ಪಟ್ಟೆ ಮೂಡಿತು. ಕರಿ ಪುಕ್ಕದ ಅಡ್ಡಕ್ಕೆ ಬೂದಿ ಗೆರೆ, ಮತ್ತೆ ಕಪ್ಪು, ಮತ್ತೆ ಬೂದಿ. ಮೊದಲ ಪುಕ್ಕ ಕಿತ್ತೆ. ಅಲ್ಲಿ ಹುಟ್ಟಿದ ಹೊಸದರಲ್ಲೂ ಪಟ್ಟೆ. ಅವ್ವ ಹುಚ್ಚೆಳ್ಳು ತಿನ್ನಿಸಿದಳು, ಕರಿ ಕಾಳು ತಿಂದರೆ ಕಪ್ಪೇರುತ್ತದೆ ಎಂದು. ಮೈ ಬೆಳೆದಷ್ಟೂ ಪಟ್ಟೆ ಬೆಳೆಯಿತು. ಗೋಡೆಯಾಚೆ, ಅಜ್ಜಿಯ ಹಿತ್ತಿಲಲ್ಲಿ, ಬಿಳಿ ಹೊಟ್ಟೆಯ ಪಿಳ್ಳೆ ಇದ್ದಿಲಿನಂತೆ ಕಪ್ಪಾಗಿತ್ತು. ಬಿಸಿಲಿಗೆ ಅದರ ಬಾಲ ಹಸಿರು ಹೊಳೆಯುತ್ತಿತ್ತು. ಹೊಟ್ಟೆಯ ಬಿಳಿ ಎಲ್ಲಿ ಹೋಯಿತೋ.

ಅಜ್ಜಿ ತಾನಾಗಿಯೇ ಬಂದಳು. “ನೀವೇ ಬ್ಯಾಡ ಅಂತ ಕೊಟ್ಟಿದ್ದು. ಬೇಕಂದ್ರೆ ತಕಂಡೋಗಿ, ನಾನೇನು ಉಪ್ಪಾಕಿ ಇಟ್ಕಳಲ್ಲ.”

“ನಿನ್ ಮನೆ ಕಾಳ್ ತಿಂದದೆ ಕಣಕ್ಕ ಅದು. ಇನ್ನ ನಮ್ದಾಯ್ತದಾ?” ಅಂದಳು ಅವ್ವ.

ಮತ್ತೆ ಕಾವು ಕೂರಿಸಿ, ಮರಿ ಹುಂಜವಾಗಿ ಕೂಗುವಷ್ಟು ದಿನ ಉಳಿದಿರಲಿಲ್ಲ. ಹೆಂಡತಿಗೆ ಆಗಲೇ ಎಂಟು ತಿಂಗಳು ತುಂಬುತ್ತಿತ್ತು. ಅವಳು ಹುಂಜದ ಕಡೆ ನೋಡುವುದನ್ನೇ ಬಿಟ್ಟಳು. ಅದು ಕೂಗಿದಾಗಲೆಲ್ಲ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ, ಅವ್ವ, ಹೆಂಡತಿ ಇಬ್ಬರೂ ಮಲಗಿದ್ದಾಗ, ಹುಂಜವನ್ನು ಬಣ್ಣದ ಕೊಟ್ಟಿಗೆಗೆ ಒಯ್ದೆ. ರೇಷ್ಮೆಗೆ ಹತ್ತುವ ಕಪ್ಪು ಪುಕ್ಕಕ್ಕೂ ಹತ್ತುತ್ತದೆ. ಆದರೆ ರೇಷ್ಮೆಯನ್ನು ಕುದಿಯುವ ನೀರಿಗೆ ಅದ್ದುತ್ತೇವೆ. ಜೀವವನ್ನು ಹೇಗೆ ಅದ್ದುವುದು? ಉಗುರುಬೆಚ್ಚಗಿನ ನೀರಿನಲ್ಲಿ, ಬಟ್ಟೆಯ ತುಂಡಿನಿಂದ ಒಂದೊಂದೇ ಪುಕ್ಕ ಒರೆಸುತ್ತ ಹೋದೆ. ಅದು ಒದ್ದಾಡಲಿಲ್ಲ. ಕಣ್ಣು ಮುಚ್ಚಿ ತೆಗೆದು ನನ್ನನ್ನೇ ನೋಡುತ್ತಿತ್ತು. ಇಷ್ಟು ಕಾವಿಗೆ ಬಣ್ಣ ಗಟ್ಟಿ ನಿಲ್ಲುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಸಂಜೆ ಅವ್ವ ಅದನ್ನು ಕಣ್ಣಿನ ಹತ್ತಿರ ಹಿಡಿದು, “ಉಚ್ಚೆಳ್ಳು ಕೆಲ್ಸ ಮಾಡ್ತು ನೋಡ್ಲಾ” ಅಂದಳು. ನಾನು ಹೂಂ ಅಂದೆ. ಹೆಂಡತಿ ಒಲೆಯ ಮುಂದಿದ್ದಳು, ತಿರುಗಿದಳೋ ಇಲ್ಲವೋ.

ಮಂಗಳವಾರ ಗಾಡಿ ಕಟ್ಟಿಸಿಕೊಂಡು ಹೋದೆವು. ಹನೂರು ದಾಟುವ ತನಕ ಮಂಕರಿಯ ಮೇಲೆ ಪಂಚೆ ಹೊದಿಸಿ, ಮಳೆ ಹನಿಯದಿರಲಿ ಎಂದು ಆಕಾಶ ನೋಡುತ್ತಿದ್ದೆ. ಗುಡಿಯ ಮುಂದೆ ಪೂಜಾರಿ ಹುಂಜದ ತಲೆಗೆ ಅರಿಸಿನದ ನೀರು ಚಿಮುಕಿಸಿದ. ಅದು ಮೈ ಕೊಡವಿದರೆ ದೇವರು ಒಪ್ಪಿದಂತೆ. ಕೊಡವಲಿಲ್ಲ. ಮತ್ತೆ ಚಿಮುಕಿಸಿದ. ಒದ್ದೆಯಾದ ಕತ್ತಿನಿಂದ ಬಣ್ಣ ಇಳಿಯುತ್ತದೋ ಎಂದು ನೆಲವನ್ನೇ ನೋಡುತ್ತ ನಿಂತೆ. ಮೂರನೆಯ ಸಲ ಕೊಡವಿತು. ಹನಿಗಳು ಪೂಜಾರಿಯ ಪಂಚೆಗೆ ಸಿಡಿದವು. ಅವನು ಕೆಳಗೆ ನೋಡದೆ ಕತ್ತಿ ಎತ್ತಿದ.

ಆಮೇಲೆ ನಡೆದದ್ದನ್ನು ನಾನು ಎಣಿಸಿರಲಿಲ್ಲ. ಹುಂಜದ ಪುಕ್ಕ ಕೀಳುವ ಕೆಲಸ ಅವ್ವನ ಅಣ್ಣನ ಮನೆಯವರದ್ದು. ಹೆಂಡತಿ, ತುಂಬಿದ ಹೊಟ್ಟೆಯವಳು, ಎದ್ದು ಅದನ್ನು ಅವರ ಕೈಯಿಂದ ತೆಗೆದುಕೊಂಡಳು.

“ನಮ್ಮನೆ ಅರಕೆ. ನಾನೇ ಕೀಳ್ತೀನಿ, ಬುಡಿ.”

ಕುದಿಯುವ ನೀರಿನ ಪಾತ್ರೆ ಗುಡಿಯ ಹಿಂದಿತ್ತು. ಕುದಿನೀರಿಗೆ ಅದ್ದಿದರೆ ಗಟ್ಟಿ ನಿಲ್ಲದ ಬಣ್ಣ ಏನಾಗುತ್ತದೆಂದು ನನಗೆ ಗೊತ್ತು. ಪುಕ್ಕದ ಬುಡದಲ್ಲಿ, ನನ್ನ ಬಟ್ಟೆ ತಲುಪದ ಕಡೆ, ಪಟ್ಟೆಗಳು ಹಾಗೇ ಇದ್ದವು. ನಾನು ಅತ್ತ ಹೋಗಲಿಲ್ಲ. ಅವಳು ಬಂದಾಗ ಕೈ ತೊಳೆದಾಗಿತ್ತು. ಹುಂಜ ಬೋಳಾಗಿತ್ತು, ನೀರು ಚೆಲ್ಲಿ ಆಗಿತ್ತು, ಪುಕ್ಕವನ್ನು ಬೇಲಿಯ ಬುಡದಲ್ಲಿ ಹೂತಿದ್ದಳು. ಬಡಿಸಿದ್ದನ್ನು ಎಲ್ಲರ ಜೊತೆ ಕೂತು ತಿಂದಳು.

ಹೆಣ್ಣು ಕೂಸು ಹುಟ್ಟಿತು. ಉಳಿಯಿತು. ಹನ್ನೊಂದನೆಯ ದಿನ ನಾನು ತೊಟ್ಟಿಲ ಪಕ್ಕದಿಂದ ಏಳಲಿಲ್ಲ. ಎರಡನೆಯ ವರ್ಷ ಸೀತಾಳೆ ಸಿಡುಬು ಬಂದು ಮೈ ಕಾಯುತ್ತಿದ್ದಾಗ, ಇದು ನಾನು ಬಣ್ಣ ಒರೆಸಿದ ಬಟ್ಟೆಯ ತುಂಡಿನಿಂದ ಬಂದದ್ದು ಎಂದು ಬಾಯಿ ತುದಿಗೆ ಬಂತು. ಬೇವಿನ ಸೊಪ್ಪು ಆಡಿಸುತ್ತಿದ್ದ ಹೆಂಡತಿ ನನ್ನ ಕಡೆ ನೋಡದೆ, “ಕರಿ ಉಂಜನೇ ಕೊಟ್ಟಿದ್ದೀವಲ್ಲ, ಏನೂ ಆಗಾಕಿಲ್ಲ” ಅಂದಳು. ನಾನು ಅವಳ ಕೈಯಿಂದ ಬೇವಿನ ಸೊಪ್ಪು ತೆಗೆದುಕೊಂಡು ಆಡಿಸಿದೆ. ಸಿಡುಬು ಇಳಿಯಿತು.

ಗುಡಿಯ ಹಿಂದೆ ಅವಳು ಏನು ಕಂಡಳು ಎಂದು ನಾನು ಕೇಳಿಲ್ಲ, ಅವಳು ಹೇಳಿಲ್ಲ. ಕರಿ ಹುಂಜವನ್ನೇ ಕೊಟ್ಟಿದ್ದೇವೆ ಎಂಬ ಮಾತನ್ನು ನಂಬಿ ಆಡಿದಳೋ, ಎಲ್ಲ ಗೊತ್ತಿದ್ದೇ ಆಡಿದಳೋ, ನನಗೆ ಗೊತ್ತಿಲ್ಲ.