ಹಾಜಿಮಲಂಗ್ ಕಟ್ಟಿದ ಬಿದ್ದ ಗ್ವಾಡಿ

ಶಹಾಬಾದದಾಗ ಹಾಜಿಮಲಂಗ್ ಅಂತ ಒಬ್ಬ ಗೌಂಡಿ ಇದ್ದ. ಮಾತು ಕಡಿಮಿ, ಕೆಲಸ ಗಟ್ಟಿ. ಅಂವ ಕಟ್ಟಿದ ಗ್ವಾಡಿ ಮ್ಯಾಲ ತತ್ತಿ ಇಟ್ರೂ ಉಳ್ಳತಿದ್ದಿಲ್ಲ ಅಂತಿದ್ರು ಮಂದಿ. ವಾಡಿಯಿಂದ ಚಿತ್ತಾಪುರದ ತನಕಾ ಯಾರರ ಎದಿ ಸೆಟಿಸಿ ನಡದ್ರ, "ಏನಪಾ, ಹಾಜಿಮಲಂಗನ ಗ್ವಾಡಿ ಆಗೀದಿ" ಅಂತ ಚ್ಯಾಷ್ಟಿ ಮಾಡತಿದ್ರು. ಅಂವಗಿದ್ದ ಆಸ್ತಿ ಅಂದ್ರ ಇದೊಂದೇ ಹೆಸರು.

ಪೋಲಿಸ್ ಆಕ್ಷನ್ ಆಗಿ ನವಾಬಿ ರಾಜ್ಯ ಹೋಗಿ ನಾಕೈದು ವರ್ಷ ಆಗಿತ್ತು. ಹೊಸಾ ಸರಕಾರ, ಹೊಸಾ ಹುರುಪು. ಮಳಖೇಡದ ಹಳೇ ಕ್ವಾಟಿಯೊಳಗ ಸಿಕ್ಕ ಮುರಕ ಮೂರ್ತಿ, ಶಾಸನದ ಕಲ್ಲು, ತೋಪಿನ ಗುಂಡು, ಇವನ್ನೆಲ್ಲಾ ಇಡಲಿಕ್ಕ ಊರ ಹೊರಗ ಒಂದು ಅಜಾಯಬಖಾನಾ, ಅಂದ್ರ ಮ್ಯೂಜಿಯಂ, ಕಟ್ಟಬೇಕಂತ ಹುಕುಂ ಆಯ್ತು. ಹೈದ್ರಾಬಾದದಿಂದ ಒಬ್ಬ ಇಂಜಿನಿಯರ ಸಾಹೇಬ ಬಂದ. ವಿಲಾಯತಿಗಿ ಹೋಗಿ ಕಲ್ತು ಬಂದಂವ. ಹಾಜಿಮಲಂಗನ ಕರೆಸಿ ನಕ್ಷಾ ಬಿಚ್ಚಿದ.

ಹಾಜಿಮಲಂಗ್ ನಕ್ಷಾ ಹಿಂಗೊಮ್ಮೆ ಹಂಗೊಮ್ಮೆ ತಿರುವಿ ನೋಡಿದ. ಪಡವಲ ಗ್ವಾಡಿ ಹೊರಗ ವಾಲಿತ್ತು. ಅದರ ತುದಿ ಹಲ್ಲು ಬಿದ್ದ ಮುದುಕಿ ಬಾಯಿ ಇದ್ದಂಗ ಇತ್ತು.

"ಸಾಹೇಬ್ರ, ಈ ಗ್ವಾಡಿ ಬಿದ್ದದಲ್ರಿ?"

"ಬಿದ್ದಿಲ್ಲ. ಬಿದ್ದಂಗ ಕಟ್ಟಬೇಕು. ಒಳಗ ಎಂಥಾ ಸಾಮಾನ ಅದನೋ ಕಟ್ಟಡಾನೂ ಅಂಥಾದ್ದೇ ಇರಬೇಕು. ಹೊರಗ ನಿಂತವ್ರಿಗಿ ನೋಡಿದ ಕೂಡ್ಲೇ ತಿಳೀಬೇಕು. ಈಗಿನ ಪದ್ಧತಿ ಇದು."

"ಹಂಗಾರ ದವಾಖಾನಿ ಕಟ್ಟಿದ್ರ ಅದಕ್ಕ ಜ್ವರ ಬರಸಬೇಕೇನ್ರಿ?"

"ನೀ ಕಲ್ಲು ಹಚ್ಚು ಮಿಸ್ತ್ರಿ, ವಿಚಾರ ನಾ ಮಾಡ್ತೀನಿ. ಬಾಗಿಲ ಮ್ಯಾಲ ಒಂದು ಪರಸಿ ಕಲ್ಲು ಕೂಡಸ್ತೀನಿ. ಅದರಾಗ ನಿನ್ನ ಹೆಸರೂ ಕೆತ್ತಸ್ತೀನಿ."

ಹಾಜಿಮಲಂಗ್ ಅಲ್ಲೇ ಸೋತ. ಮೂವತ್ತು ವರ್ಷ ಮಂದಿ ಮನಿ ಕಟ್ಟ್ಯಾನ. ಎಲ್ಲಾ ಬಾಗಿಲ ಮ್ಯಾಲ ಮಾಲಕರ ಹೆಸರು. ಗೌಂಡಿ ಹೆಸರು ಕಲ್ಲಿನಾಗ ಬರೋದು ಗೋರಿ ಮ್ಯಾಲ ಅಷ್ಟೇ.

ಮನ್ಯಾಗ ಹೇಂತಿ ಸೈದಾನಬಿ ರೊಟ್ಟಿ ಬಡಿಲಿಕತ್ತಿದ್ಲು. "ಏನ್ರಿ, ಮ್ಯಾಲ ನಿಮ್ಮ ಹೆಸರು, ಕೆಳಗ ಡೊಂಕ ಗ್ವಾಡಿ. ನೋಡದವ್ರು ನಕ್ಷಾ ಡೊಂಕಿತ್ತು ಅಂತಾರೋ, ಗೌಂಡಿ ಕುಡದಿದ್ದ ಅಂತಾರೋ?" ಅಂದ್ಲು. ಹಾಜಿಮಲಂಗ್ ರೊಟ್ಟಿ ಮುರದ.

ಕೆಲಸ ಸುರು ಆಯ್ತು. ಆದ್ರ ಕೈ ಮಾತು ಕೇಳಲಿಲ್ಲ. ಡೊಂಕ ಮಾಡಬೇಕಂತ ಕುಂತ್ರೂ ಗ್ವಾಡಿ ನೆಟ್ಟಗೇ ಏಳತಿತ್ತು. ಸಾಹೇಬ ಬಂದು "ನೆಟ್ಟಗಾಗ್ಯಾದ, ಕೆಡವು" ಅಂತಿದ್ದ. ಮೂರು ಸಲ ಕೆಡವಿದ್ರು.

"ಮಾಮಾ," ಅಂದ ಜೋಡಿ ಗೌಂಡಿ ಸಂಗಣ್ಣ, "ನಮ್ಮ ಉಸ್ತಾದ ನೆಟ್ಟಗಿಲ್ಲಂತ ಬಡದ. ಇಂವ ನೆಟ್ಟಗದಂತ ಬಡೀತಾನ. ಸಾಯೋ ಹೊತ್ತಿಗರ ಈ ಕಸಬು ಕಲೀತೀವೇನು?"

ಕಡೀಕ ಹಾಜಿಮಲಂಗ್ ಒಂದು ದಾರಿ ಹುಡುಕಿದ. ದಾರಕ್ಕ ಗುಂಡು ಕಟ್ಟಿದ ಓಳಂಬ ಇಳಿಬಿಟ್ಟು, ಒಂದೊಂದ ಸಾಲಿಗೂ ಒಂದೊಂದ ಜೋಳದ ಕಾಳಿನಷ್ಟು ಅಳದು ಹೊರಗ ಸರಿಸಿದ. ಅಷ್ಟು ಲೆಕ್ಕಾಚಾರದ ಡೊಂಕ ಹೈದ್ರಾಬಾದ ಸೀಮ್ಯಾಗ ಇನ್ನೊಂದಿದ್ದಿಲ್ಲ. ಸಾಹೇಬ ಕುಣಿದಾಡಿದ. ದೊಡ್ಡ ಸಾಹೇಬರನ್ನ ಉದ್ಘಾಟನಾಕ್ಕ ಕರಕೊಂಡ ಬರ್ತೀನಿ, ಅವತ್ತೇ ಹೆಸರ ಕೆತ್ತಸೋಣ ಅಂತ ಹೈದ್ರಾಬಾದಿಗಿ ಹೋದ. ಹಾಜಿಮಲಂಗ್ ಎಂಟು ದಿನ ಶಹಾಬಾದಿಗಿ ಬಂದ.

ಮಳಖೇಡದಾಗ ಒಂದು ರಿವಾಜ ಇತ್ತು. ಮನಿ ಕಟ್ಟೋವ್ರು, ಕೊಟ್ಟಿಗಿ ಕಟ್ಟೋವ್ರು ಬಂಡಿ ಹೂಡ್ಕೊಂಡು ಹೋಗಿ ಕ್ವಾಟಿ ಕಲ್ಲು ತರತಿದ್ರು. ನಿಂತ ಗ್ವಾಡಿ ಯಾರೂ ಮುಟ್ಟತಿದ್ದಿಲ್ಲ. ಬಿದ್ದದ್ದು ಯಾರೂ ಬಿಡತಿದ್ದಿಲ್ಲ.

ಹಾಜಿಮಲಂಗ್ ತಿರುಗಿ ಬಂದು ನೋಡ್ತಾನ, ಪಡವಲ ಗ್ವಾಡಿ ಅರ್ಧ ಇಲ್ಲ. ಊರಿನ ಒಕ್ಕಲಿಗ ಅಂಬರಾಯ ಬಂಡಿಗಿ ಕಲ್ಲು ಏರಿಸಲಿಕತ್ತಾನ.

"ಗೌಡ್ರ, ಏನ ಮಾಡಲಿಕತ್ತೀರಿ? ಇದು ಹೊಸಾದು!"

"ಹೊಸಾದಾ?" ಅಂಬರಾಯ ನಕ್ಕ. "ನಿನ್ನವು ಮೂರು ಗ್ವಾಡಿ ಹೊಲಕ್ಕ ಹೋಗ್ತಾ ಬರ್ತಾ ನೋಡೀನಿ ಮಾಮಾ. ತೋಫಾ ಇದ್ವು, ಗೆರಿ ಎಳದಂಗ. ಆ ಸಾಹೇಬ ಕೆಡವಿಸಿದ, ಆಮ್ಯಾಲ ನೀನೂ ಕಾಣಲಿಲ್ಲ, ನಿನ್ನ ಕೆಲಸದಿಂದ ಬಿಡಿಸ್ಯಾನಂತ ಅಂದ್ಕೊಂಡೀವಿ. ಈ ನಾಕನೇದು ಯಾವನೋ ಕುಡುಕನ ಕೈಕೆಲಸ. ಕಟ್ಟಿದಲ್ಲೇ ಬೀಳಲಿಕತ್ತದ. ಸರಕಾರ ಕೈ ಬಿಟ್ಟದ ಅಂತ ಊರೇ ಅಂತದ."

ಹಾಜಿಮಲಂಗ್ ಬಾಯಿ ತೆರೆದ. ನಾನೇ ಕಟ್ಟೀನಿ ಅಂದ್ರ ಮಂದಿ ಕಲ್ಲು ಬಿಡ್ತಾರ, ಗ್ವಾಡಿ ಉಳೀತದ. ಆದ್ರ ಸಂಜಿಕ್ಕೇ ಸೇಡಂದಿಂದ ಶಹಾಬಾದದ ತನಕಾ ಆ ಕುಡುಕ ಗೌಂಡಿ ಯಾರಂತ ಗೊತ್ತಾಗ್ತದ. ತೆರೆದ ಬಾಯಿ ಮುಚ್ಚಿದ.

"ಆ ಕಡಿ ಹಿಡಿ ಮಾಮಾ, ಭಾಳ ಭಾರ ಅದ," ಅಂದ ಅಂಬರಾಯ.

ಹಾಜಿಮಲಂಗ್ ಆ ಕಡಿ ಹಿಡಿದ.

ಮೂರು ದಿನಕ್ಕ ದೊಡ್ಡ ಸಾಹೇಬ ಮೋಟರದಾಗ ಬಂದ. ಇಂಜಿನಿಯರ ಸಾಹೇಬ ಗ್ವಾಡಿ ನೋಡಿ ಬೆಳ್ಳಗಾದ. ದೊಡ್ಡ ಸಾಹೇಬ ಮಾತ್ರ ಚಪ್ಪಾಳಿ ಬಡದ. "ವಾಹ್! ಏನ್ ಪಾಳ ಬಿದ್ದದ! ಸಾವಿರ ವರ್ಷದ್ದು ಅನ್ನಸ್ತದ!"

ಇಂಜಿನಿಯರಗ ಜೀವ ಬಂತು. "ನಕ್ಷಾದಾಗ ಹಿಂಗೇ ಇತ್ರಿ," ಅಂದ.

"ಶಾಬಾಸ್. ಕಟ್ಟಿದ ಗೌಂಡಿ ಯಾರು? ಕರೀರಿ, ಹೆಸರು ಕೆತ್ತಸೋಣ."

ಊರ ಮಂದಿ ಎಲ್ಲಾ ನಿಂತಿದ್ರು. ಅಂಬರಾಯನೂ ಇದ್ದ. ಹಾಜಿಮಲಂಗ್ ನೆಲಾ ನೋಡಿದ.

"ನಂದು ಬ್ಯಾಡ್ರಿ ಸಾಹೇಬ್ರ. ಇಷ್ಟು ಪಾಳ ಬಿದ್ದದ್ದು ನನ್ನ ಕೈಲಿ ಆಗೋದಲ್ರಿ."

ಹಂಗಾಗಿ ಪರಸಿ ಮ್ಯಾಲ ಇಂಜಿನಿಯರಂದೊಂದೇ ಹೆಸರು ಬಂತು. ಅಂಬರಾಯ ಅದನ್ನ ಓದಿಸಿ ಕೇಳಿದ. ಆಮ್ಯಾಲ ಹಾಜಿಮಲಂಗನ ಕಿವಿ ಹತ್ರ ಬಗ್ಗಿ, "ನೋಡಿದಿ ಮಾಮಾ, ಆ ಕುಡುಕ ಇಂವೇ ಅಂತ," ಅಂದ.

ಹಾಜಿಮಲಂಗ್ "ಹ್ಞೂಂ" ಅಂದ.