ಕರಟ ಮಾತ್ರ ರೂಪಾಳದ್ದು

ಅಕ್ಕ, ನಿನ್ನ ಜಗುಲಿಯ ತೊಲೆಯಿಂದ ತೂಗುತ್ತಿರುವ ಗಿಡ ರೂಪಾಳದ್ದಲ್ಲ. ಕರಟ ಅವಳದ್ದು. ಹಗ್ಗ ಅವಳು ಹೆಣೆದದ್ದು. ಕರಟದ ಮೇಲೆ ಮೊಳೆಯಿಂದ ಗೀಚಿದ ‘ರೂ’ ಅವಳ ಕೈಯದ್ದೇ. ಗಿಡ ಮಾತ್ರ ನಾನು ತುಮಕೂರು ದಾರಿಯ ನರ್ಸರಿಯೊಂದರಲ್ಲಿ ಕೊಂಡು ತಂದದ್ದು. ನಿನ್ನ ಮಗಳ ಗಿಡವನ್ನು ನಾನು ನಮ್ಮ ಬಚ್ಚಲ ಒಲೆಗೆ ಹಾಕಿದೆ.

ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು. ಹೇಳಿದ ಮೇಲೂ — ಇದು ನಡೆದದ್ದು ಹೀಗೆಯೇ ಹೌದೇ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ತಿಪಟೂರಿನ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವವನು ನಾನು. ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ಒಡವೆಯಲ್ಲ, ಹೊರಗೆ ತೆಗೆದಾಗಲೆಲ್ಲ ಅದನ್ನು ತುಸು ತಿದ್ದಿಯೇ ಒಳಗಿಡುತ್ತೇವೆ ಎಂದು ವರ್ಷವರ್ಷವೂ ಹುಡುಗರಿಗೆ ಹೇಳುತ್ತೇನೆ. ಆ ಪಾಠ ನನಗೇ ಎಷ್ಟು ಅನುಕೂಲವಾಗಿತ್ತು ಎನ್ನುವುದು ಈಚೆಗೆ ತಿಳಿಯಿತು.

ರೂಪಾ ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಗ ಹಾಸ್ಟೆಲಿನ ಗೆಳತಿಯ ಗಿಡದಿಂದ ಒಂದೆರಡು ಗೆಣ್ಣು ಮುರಿದು ತಂದಿದ್ದಳು. ದೊಡ್ಡ ಕರಟವೊಂದಕ್ಕೆ ಕಾದ ಕಂಬಿಯಿಂದ ತೂತು ಮಾಡಿ, ತೆಂಗಿನಕಾಯಿಯ ಮಟ್ಟೆಯನ್ನು ಚೂರು ಮಾಡಿ ನೀರಿನಲ್ಲಿ ನೆನೆಸಿಟ್ಟು, ಕಂದು ನೀರು ಬಿಡುವುದು ನಿಂತ ಮೇಲೆ ಅದರಲ್ಲಿ ನೆಟ್ಟಳು. ಏಡಿಯ ಕಾಲುಗಳನ್ನು ಒಂದಕ್ಕೊಂದು ಪೋಣಿಸಿದಂತೆ ಅದು ಜೋತು ಬೆಳೆಯಿತು. ನೀನು ಅದಕ್ಕೆ ಏಡಿಗಿಡ ಎಂದು ಹೆಸರಿಟ್ಟೆ. ಇದು ಕಾಡಿನಲ್ಲಿ ಮರದ ಕೊಂಬೆಯ ಮೇಲೆ ಬೆಳೆಯುವ ಕಳ್ಳಿ, ಇದಕ್ಕೆ ಸುಡುಬಿಸಿಲು ಆಗದು, ಮಣ್ಣೂ ಬೇಡ ಎಂದು ಅವಳು ವಿವರಿಸಿದಾಗ ಭಾವ ನಕ್ಕಿದ್ದರು.

“ಬಿಸ್ಲು ಆಗಲ್ಲ, ಮಣ್ಣು ಮುಟ್ಟಲ್ಲ. ಕಳ್ಳಿ ಅಲ್ಲ ಕಣವ್ವ ಇದು, ಸಾವ್ಕಾರ್ರ ಮನೆ ಸೊಸೆ.”

ಈ ಮಾತು ಆಡಿದಾಗ ನಾನು ಅಲ್ಲಿದ್ದೆನೇ? ಇದ್ದೆ ಎಂದೇ ನೆನಪು. ಹಾಗಿದ್ದರೆ ಬಿಸಿಲು ಆಗದು ಎಂಬ ಮಾತೂ ನನ್ನ ಕಿವಿಗೆ ಬಿದ್ದಿರಲೇಬೇಕು. ಅಥವಾ ನೀನು ಹೇಳಿ ಹೇಳಿ, ಕೇಳಿದ್ದನ್ನೇ ಕಂಡಂತೆ — ಬೇಡ. ಈ ದಾರಿಯಲ್ಲಿ ಹೋಗಿ ಹೋಗಿಯೇ ನಾನು ಇಷ್ಟು ವರ್ಷ ತಪ್ಪಿಸಿಕೊಂಡದ್ದು.

ಅವಳು ತೀರಿಹೋದದ್ದು ಮಳೆಗಾಲದಲ್ಲಿ. ಹಾಸ್ಟೆಲಿನಿಂದ ಫೋನ್ ಮಾಡಿ, ಜ್ವರ ಬಂದಿದೆ, ಬಾಮ್ಮ ಎಂದಳಂತೆ. ಅವತ್ತು ನಿಮ್ಮ ತೋಟಕ್ಕೆ ಕಾಯಿ ಕೀಳುವವರು ಬಂದಿದ್ದರು. ಅವರ ಸರದಿ ತಪ್ಪಿದರೆ ಮತ್ತೆ ಸಿಗುವುದು ಯಾವಾಗಲೋ. “ಕಾಯ್ ಕೀಳೋರು ಬಂದವ್ರೆ ಕಣವ್ವ, ನಾಳೆ ಬತ್ತೀನಿ” ಎಂದೆಯಂತೆ ನೀನು. ಮರುದಿನ ನೀನು ಹೋಗುವಷ್ಟರಲ್ಲಿ ಅವಳಿಗೆ ಗುರುತು ಸಿಗುತ್ತಿರಲಿಲ್ಲ. ಈ ಮಾತನ್ನು ನೀನು ನನಗೆ ಒಂದೇ ಒಂದು ಸಲ ಹೇಳಿದ್ದೀಯ, ತಿಥಿಯ ದಿನ ಹಿತ್ತಲಲ್ಲಿ, ಪಾತ್ರೆ ತೊಳೆಯುತ್ತಾ, ನನ್ನ ಮುಖ ನೋಡದೆ.

ಆ ಚಳಿಗಾಲದಲ್ಲಿ ಗಿಡ ಮೊದಲ ಸಲ ಹೂ ಬಿಟ್ಟಿತು. ಕಡು ಗುಲಾಬಿ ಬಣ್ಣ ಎಂದು ನೀನು ಆಮೇಲೆ ಸಾವಿರ ಸಲ ಹೇಳಿದ್ದೀಯ. ನಾನು ಆಗ ನಿಮ್ಮೂರು ಕಂದಿಕೆರೆಗೆ ಬಂದಿದ್ದೆ. ಅದೇ ಜಗುಲಿಯಲ್ಲಿ, ಅದರ ಕೆಳಗೇ ಕೂತು ಕಾಫಿ ಕುಡಿದೆ. ತಲೆ ಎತ್ತಿ ನೋಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಭಾವನಿಗೆ ಬೆಂಗಳೂರಿನಲ್ಲಿ ಹೃದಯದ ಆಪರೇಷನ್ ಆಯಿತು. ನೀವಿಬ್ಬರೂ ಅಲ್ಲಿಯೇ ಉಳಿಯಬೇಕಾಗಿತ್ತು. ಹೋಗುವ ಮುಂಚೆ ನೀನು ಗಿಡವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಿಪಟೂರಿಗೆ ತಂದು, ನಮ್ಮ ಮನೆಯಲ್ಲಿ ಬಿಟ್ಟೆ. ಏನು ಹೇಳಿ ಬಿಟ್ಟೆ? ನೆರಳಲ್ಲಿಡು, ಮಟ್ಟೆ ಪೂರ್ತಿ ಒಣಗಲು ಬಿಡಬೇಡ, ಹಾಗಂತ ನೀರು ನಿಲ್ಲಲೂ ಬಿಡಬೇಡ ಎಂದೆಯಾ? ಹೇಳಿರುತ್ತೀಯ. ಮಗಳನ್ನು ಬಿಟ್ಟುಹೋಗುವ ಹಾಗೆ ಬಿಟ್ಟುಹೋದವಳು ಹೇಳದೆ ಹೋಗಿರುತ್ತೀಯಾ? ಆದರೂ ನನ್ನ ನೆನಪಿನಲ್ಲಿ ಆ ಜಾಗದಲ್ಲಿ ನಿನ್ನ ತುಟಿ ಅಲುಗುತ್ತದೆ, ಮಾತು ಕೇಳಿಸುವುದಿಲ್ಲ.

ನನಗೆ ಕೇಳಿಸಿದ್ದು ಕಳ್ಳಿ ಎಂಬ ಒಂದು ಶಬ್ದ. ಕಳ್ಳಿ ಎಂದ ಮೇಲೆ ಬಿಸಿಲು ಬೇಕು, ನೀರು ಬೇಡ. ಅಷ್ಟು ಓದಿದವನಿಗೆ ಅಷ್ಟೂ ತಿಳಿಯದೇ! ತಾರಸಿಯಲ್ಲಿ ಬಟ್ಟೆ ಒಣಗಿಸುವ ತಂತಿಗೆ ತೂಗುಹಾಕಿ ನನ್ನ ಪಾಡಿಗೆ ನಾನಿದ್ದೆ. ಶಿವರಾತ್ರಿಯ ಬಿಸಿಲು ಏರುತ್ತಿತ್ತು. ಒಂದು ದಿನ ಹತ್ತಿ ನೋಡಿದರೆ ಗೆಣ್ಣುಗಳೆಲ್ಲ ಕೆಂಪಗೆ ಸುಟ್ಟು, ಹಪ್ಪಳದಂತೆ ಮುದುಡಿದ್ದವು. ಗಾಬರಿಗೆ ಕರಟದ ತುಂಬ ನೀರು ಸುರಿದೆ. ಮರುದಿನವೂ ಸುರಿದೆ. ಕೆಳಗೆ ಬಟ್ಟಲು ಕೊಟ್ಟು ನೀರು ನಿಲ್ಲುವಂತೆ ಮಾಡಿದೆ. ಒಣಗಿದ್ದ ಗಿಡ ಈಗ ಬುಡದಿಂದ ಕೊಳೆಯತೊಡಗಿತು. ಮುಟ್ಟಿದರೆ ಕೈಗೆ ಲೋಳೆ.

ಇಲ್ಲಿಯವರೆಗೂ ನಾನು ತಿಳಿಯದೆ ಮಾಡಿದವನು. ಇದಿಷ್ಟೇ ಆಗಿದ್ದರೆ ನೀನು ಅಳುತ್ತಿದ್ದೆ, ಬಯ್ಯುತ್ತಿದ್ದೆ, ಕೊನೆಗೆ “ಹೋಗ್ಲಿ ಬುಡ್ಲಾ” ಅನ್ನುತ್ತಿದ್ದೆ. ಅದು ನನಗೆ ಗೊತ್ತು.

ಆದರೆ ಅಕ್ಕ, ಈ ಜಾತಿಯ ಗಿಡ ಬುಡ ಕೊಳೆತ ಮಾತ್ರಕ್ಕೆ ಸಾಯುವುದಿಲ್ಲ. ತುದಿಯ ಒಂದು ಹಸಿರು ಗೆಣ್ಣು ಉಳಿದಿದ್ದರೂ ಸಾಕು. ಮುರಿದು, ಗಾಯ ಆರಲು ಬಿಟ್ಟು, ಒದ್ದೆ ಮಟ್ಟೆಗೆ ಸಿಕ್ಕಿಸಿದರೆ ಅದೇ ಗಿಡ ಮತ್ತೆ ಹುಟ್ಟುತ್ತದೆ. ಅಂಥದ್ದೇ ಇನ್ನೊಂದಲ್ಲ, ಅದೇ. ರೂಪಾ ತಂದದ್ದೂ ಹಾಗೆಯೇ ಅಲ್ಲವೇ. ಇದು ನನಗೆ ಆಗ ಗೊತ್ತಿತ್ತೇ? ತುದಿಯಲ್ಲಿ ಹಸಿರು ಇತ್ತೇ?

ಇದನ್ನೇ ವರ್ಷಗಟ್ಟಲೆ ಕೇಳಿಕೊಂಡೆ. ಕೆಲವು ಸಲ ಕಣ್ಣು ಮುಚ್ಚಿದರೆ ಹಸಿರು ಕಾಣುತ್ತದೆ, ಕೆಲವು ಸಲ ಎಲ್ಲವೂ ಕಂದು. ಒಲೆಯಲ್ಲಿ ಒಣಮಟ್ಟೆಯ ಉರಿಯ ಮೇಲೆ ಹಾಕಿದಾಗ ಅದು ಸುಯ್ ಎಂದದ್ದು ಮಾತ್ರ ನೆನಪಿದೆ. ಹಸಿಯದ್ದು ಸುಯ್ ಎನ್ನುತ್ತದೆ. ಆದರೆ ಕೊಳೆತದ್ದೂ ಒದ್ದೆಯೇ ತಾನೆ — ಹೀಗೆ ವಾದ ಹೂಡಿ, ನನ್ನ ಮೇಲಿನ ಮೊಕದ್ದಮೆಯನ್ನು ನಾನೇ ವಜಾ ಮಾಡಿಕೊಳ್ಳುತ್ತಿದ್ದೆ.

ನರ್ಸರಿಯವನು ಯಾವ ಬಣ್ಣ ಬೇಕು ಸಾರ್ ಎಂದ. ಹೂವಿಲ್ಲದ ಕಾಲ, ಎಲ್ಲ ಗಿಡಗಳೂ ಒಂದೇ ಥರ ಕಾಣುತ್ತಿದ್ದವು. ನನಗೆ ಬೇಕಾಗಿದ್ದದ್ದು ಅಷ್ಟೇ ಉದ್ದ ಜೋತ ಗಿಡ. ಯಾವುದಾದರೂ ಕೊಡಪ್ಪ ಎಂದೆ. ನನ್ನ ಅಕ್ಕನ ಮಗಳ ಹೂವಿನ ಬಣ್ಣ ನನಗೆ ಗೊತ್ತಿರಲಿಲ್ಲ.

ಅದನ್ನೇ ರೂಪಾಳ ಕರಟದಲ್ಲಿ ನೆಟ್ಟು, ನೀವು ಬೆಂಗಳೂರಿನಿಂದ ಮರಳಿದಾಗ ನಿನ್ನ ಕೈಗೆ ಕೊಟ್ಟೆ. ಮುಂದಿನ ಚಳಿಗಾಲದಲ್ಲಿ ಅದು ಬೆಳ್ಳಗೆ ಹೂ ಬಿಟ್ಟಿತು. ನೀನು ಫೋನಿನಲ್ಲಿ ಕೇಳಿದೆ. “ಬೆಳ್ಳಗೆ ಬಿಟ್ಟೈತೆ ಕಣ್ಲಾ ಚಂದ್ರು. ಹಿಂಗೂ ಆಗ್ತದಾ?”

ಆಗುತ್ತದೆ ಎಂದೆ. ಜಾಗ ಬದಲಾದರೆ, ನೀರು ಬದಲಾದರೆ, ಮಟ್ಟೆಯಲ್ಲಿ ಉಪ್ಪಿನಂಶ ಉಳಿದರೆ ಬಣ್ಣ ಹೋಗಬಹುದು ಎಂದು ಪಾಠದ ದನಿಯಲ್ಲಿ ಹೇಳಿದೆ. ನೀನು, ಹಾಗಾದರೆ ನಾನೇ ಏನೋ ತಪ್ಪು ಮಾಡಿರಬೇಕು ಎಂದೆ. ನಾನು ಇಲ್ಲ ಎನ್ನಲಿಲ್ಲ.

ಅಲ್ಲಿಂದ ಶುರುವಾಯಿತು. ಪ್ರತಿ ವರ್ಷ ನೀನು ಹೊಸ ಮಟ್ಟೆ ಆಯ್ದು ವಾರಗಟ್ಟಲೆ ನೆನೆಸಿದೆ. ಬೋರಿನ ನೀರು ಬಿಟ್ಟು ಮಳೆನೀರು ಹಿಡಿದಿಟ್ಟೆ. ಮೊಗ್ಗು ಕಚ್ಚಲು ಸಂಜೆ ಕತ್ತಲೆ ಇರಬೇಕು ಎಂದು ನಾನು ಎಲ್ಲೋ ಓದಿದ್ದನ್ನು ಹೇಳಿದ್ದಕ್ಕೆ ಜಗುಲಿಯ ದೀಪವನ್ನೇ ಹಚ್ಚುವುದು ಬಿಟ್ಟೆ. ಭಾವ ಕತ್ತಲಲ್ಲಿ ಹೊಸ್ತಿಲು ಎಡವಿ, “ನಿನ್ ತಮ್ಮನ್ ಸೈನ್ಸು ನನ್ ಕಾಲ್ ಮುರಿಯೋಗಂಟ ಬುಡಲ್ಲ ಕಣೇ” ಎಂದು ಗೊಣಗುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಆ ನಗುವಿನಲ್ಲಿ ನಾನೂ ಇದ್ದೆ.

ಹೋದ ವರ್ಷ ಪುಷ್ಯದಲ್ಲಿ ಚಳಿ ಹೆಚ್ಚಾಗಿತ್ತು. ಬೆಳಿಗ್ಗೆಯೇ ನಿನ್ನ ಫೋನ್ ಬಂತು.

“ಬಂತು ಕಣ್ಲಾ. ಎಸಳಿನ ಅಂಚು ಕೆಂಪಗಾಗೈತೆ. ಅವತ್ತು ನಾನು ಹೋಗ್ಲಿಲ್ಲ ಅಂತ ಮುನಿಸ್ಕೊಂಡಿದ್ಲು. ಮುನಿಸು ಬುಟ್ಲು ಕಣ್ಲಾ ರೂಪಿ.”

ಬಿಳಿಯ ಜಾತಿಯ ಈ ಹೂವಿಗೆ ಚಳಿ ಹೆಚ್ಚಾದರೆ ನಸುಗೆಂಪು ಏರುತ್ತದೆ. ಅದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಈ ಗಿಡದ ಬಗ್ಗೆ ಸಿಕ್ಕಿದ್ದೆಲ್ಲವನ್ನೂ ಓದಿ ಮುಗಿಸಿದ್ದೆ. ಆದರೆ ನೀನು ಇಷ್ಟು ವರ್ಷ ಬಣ್ಣಕ್ಕಾಗಿ ಕಾದದ್ದಲ್ಲ, ಮಗಳ ಕ್ಷಮೆಗಾಗಿ ಕಾದದ್ದು ಎನ್ನುವುದು ಮಾತ್ರ ಆ ಬೆಳಿಗ್ಗೆಯೇ ತಿಳಿದದ್ದು. ಒಳ್ಳೆಯದಾಯಿತು ಬಿಡಕ್ಕ ಎಂದೆ. ಕರುಣೆಯಿಂದ ಹಾಗೆಂದೆ ಎಂದುಕೊಂಡೆ. ಕರುಣೆಯೋ, ಹೇಡಿತನವೋ — ಎರಡಕ್ಕೂ ಅವತ್ತು ಒಂದೇ ಮುಖವಿತ್ತು.

ಈ ಸಲ ಚಳಿ ಬೀಳಲಿಲ್ಲ. ಹೂ ಹಾಲಿನಂತೆ ಬೆಳ್ಳಗೆ ಬಂತು. ನೀನು ಫೋನ್ ಮಾಡಲಿಲ್ಲ. ನಾನೇ ಕಂದಿಕೆರೆಗೆ ಬಂದೆ. ನೀನು ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದೆ. ಸೊರಗಿದ್ದೆ. ಕಾಫಿ ಬೇಕಾ ಎಂದೂ ಕೇಳಲಿಲ್ಲ.

“ನೀನ್ ಓದ್ದೋನು, ಹೇಳ್ಲಾ. ಒಂದ್ಸಲ ಮುನಿಸು ಬುಟ್ಟೋಳು ಮತ್ತೆ ಯಾಕ್ ಮುನಿಸ್ಕೊಂಡ್ಲು? ನಾನೇನ್ ಮಾಡ್ದೆ?”

ಆಗ ಹೇಳಬೇಕಾಗಿತ್ತು. ಬಾಯಿ ತೆರೆದೆ. ನೀರು ಸ್ವಲ್ಪ ಜಾಸ್ತಿಯಾಗಿರಬೇಕು ಅಕ್ಕ ಎಂದೆ. ನೀನು ತಲೆಯಾಡಿಸಿ, ನಿನ್ನ ಎರಡೂ ಕೈಗಳನ್ನು ನೋಡಿಕೊಂಡೆ. ಆ ನೋಟವನ್ನು ನಾನು ತಿದ್ದಿಲ್ಲ. ಅದನ್ನು ಅನುಮಾನಿಸುವ ಯಾವ ಪಾಠವೂ ನನ್ನ ಹತ್ತಿರವಿಲ್ಲ.

ಮನೆಗೆ ಬಂದು, ಅಕ್ಕಿ ಆರಿಸುತ್ತಿದ್ದ ಲತಾಳನ್ನು ಮೊದಲ ಸಲ ಕೇಳಿದೆ. ಅವತ್ತು ಆ ಗಿಡದಲ್ಲಿ ಹಸಿರು ಉಳಿದಿತ್ತಾ, ನಿನಗೆ ನೆನಪಿದೆಯಾ ಎಂದು. ನನ್ನ ಹೆಂಡತಿ ಮೊರ ಕೆಳಗಿಟ್ಟು ನನ್ನನ್ನು ವಿಚಿತ್ರವಾಗಿ ನೋಡಿದಳು.

“ತುದೀಲಿ ಹಸಿರೈತೆ, ಮುರಿದಿಟ್ಕಳಿ ಅಂತ ನಾನೇ ಅಂದ್ನಲ್ರೀ. ‘ಅಕ್ಕಂಗೆ ಗೊತ್ತಾಗುತ್ತೆ, ಸುಮ್ನಿರೆ’ ಅಂದ್ರಿ. ಅವತ್ತಿಂದ ಸುಮ್ನೇ ಇದೀನಿ.”

ನನಗೆ ಇದು ಈಗಲೂ ನೆನಪಾಗುವುದಿಲ್ಲ, ಅಕ್ಕ. ಎಷ್ಟು ತಡಕಿದರೂ ಇಲ್ಲ. ಆದರೆ ನೆನಪಿಲ್ಲ ಎನ್ನುವುದು ಇನ್ನು ನನ್ನ ಪರವಾದ ಸಾಕ್ಷಿಯಲ್ಲ. ಮರೆತು ಗಿಡ ಒಣಗಿಸಿದೆ, ಅದು ಬೇರೆ. ಅದನ್ನು ಕೊಂದದ್ದು ಮುಚ್ಚಿಡಬೇಕೆಂಬ ನನ್ನ ಆಸೆ. ಉಳಿಯಬಹುದಾಗಿದ್ದ ಗೆಣ್ಣುಗಳನ್ನು, ಅವು ಉಳಿದರೆ ನಾನು ಸಿಕ್ಕಿಬೀಳುತ್ತೇನೆ ಎಂದು, ಉರಿಗೆ ಹಾಕಿದೆ.

ರೂಪಾಳ ಗೆಳತಿಯನ್ನು ಹುಡುಕಿ, ಆ ತಾಯಿಗಿಡ ಇದ್ದರೆ ಒಂದು ಗೆಣ್ಣು ಕೇಳಿ ತರಲೇ ಎಂದು ಯೋಚಿಸಿದೆ. ತಂದರೂ ತಂದೇನು. ಆದರೆ ಮೊದಲು ಅದಲ್ಲ. ಗಿಡ ಹಿಡಿದು ಬಂದರೆ ಮತ್ತೆ ಗಿಡದ ಹಿಂದೆ ಅಡಗಿಕೊಳ್ಳುತ್ತೇನೆ.

ಮೊದಲು ನಿನಗೆ ತಿಳಿಯಬೇಕಾದದ್ದು ಇದು: ರೂಪಾ ಮುನಿದಿಲ್ಲ. ಯಾವ ವರ್ಷವೂ ಮುನಿದಿರಲಿಲ್ಲ. ಹೋದ ವರ್ಷ ಕ್ಷಮಿಸಲೂ ಇಲ್ಲ. ಆ ಒಂದು ಬೆಳಗಿನ ಸಂತೋಷವನ್ನೂ ನಾನು ನಿನ್ನಿಂದ ಕಿತ್ತುಕೊಳ್ಳಬೇಕಾಗಿದೆ, ಅದು ಗೊತ್ತು. ಆ ಹೂವುಗಳಲ್ಲಿ ಅವಳು ಇರಲೇ ಇಲ್ಲ ಅಕ್ಕ. ನಿನ್ನ ಕೈ ಏನೂ ಕೆಡಿಸಲಿಲ್ಲ.

ನಾಳೆ ಬರುತ್ತೇನೆ ಎಂದು ಬರೆದು, ಹೊಡೆದುಹಾಕಿದೆ. ಇದನ್ನು ಅಂಚೆಗೆ ಹಾಕದೆ ಇವತ್ತೇ ಬರುತ್ತಿದ್ದೇನೆ, ಬಾಯಲ್ಲೇ ಹೇಳಲು. ಅಕ್ಕನ ಮನೆಗೆ ಬರಿಗೈಯಲ್ಲಿ ಹೋಗಬಾರದು ಅನ್ನುತ್ತಾರೆ. ಬರಿಗೈಯಲ್ಲೇ ಬರುತ್ತಿದ್ದೇನೆ.